ಟ್ಯಾಂಕ್ ತುಂಬಿಸಿದ ಮೇಲೆ ಕಾರಿನೊಳಗೆ ಪೆಟ್ರೋಲ್ ವಾಸನೆ: ಎಲ್ಲಿ ಹುಡುಕಬೇಕು, ಹೇಗೆ ಸರಿಪಡಿಸಬೇಕು?

ನಿಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟ್ಯಾಂಕ್ ಭರ್ತಿ ಮಾಡಿಸಿದ ಮೇಲೆ ಒಂದೆರಡು ದಿನ ಒಳಗೆ ಪೆಟ್ರೋಲ್ ವಾಸನೆ ಇರುತ್ತದೆ, ಹಿಂದಿನ ಸೀಟಿನಲ್ಲಿ ಕೂತವರಿಗೆ ಅದು ಹೆಚ್ಚು ತಾಗುತ್ತದೆ ಎಂದು ಬರೆದಿದ್ದೀರಿ. ‘ಫುಲ್ ಟ್ಯಾಂಕ್ ಮಾಡಿಸಿದರೆ ಅಷ್ಟು ವಾಸನೆ ಇದ್ದದ್ದೇ’ ಎಂದು ಗ್ಯಾರೇಜಿನವರು ಹೇಳಿದ ಮಾತನ್ನು ದಯವಿಟ್ಟು ಒಪ್ಪಬೇಡಿ. ಈಗಿನ ಕಾರುಗಳಲ್ಲಿ ಟ್ಯಾಂಕಿನಿಂದ ಎಂಜಿನ್‌ವರೆಗೆ ಇಂಧನ ಸಾಗುವ ದಾರಿ ಪೂರ್ತಿ ಮುಚ್ಚಿಕೊಂಡಿರುತ್ತದೆ. ಟ್ಯಾಂಕಿನೊಳಗೆ ಏಳುವ ಆವಿಯನ್ನು ಸಹ ಇದ್ದಿಲು ತುಂಬಿದ ಕ್ಯಾನಿಸ್ಟರ್ ಹೀರಿ ಇಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು ಆ ಆವಿ ಎಂಜಿನ್ನಿಗೆ ಹೋಗಿ ಉರಿದುಹೋಗುತ್ತದೆ. ಹಾಗಾಗಿ ಬಂಕಿನಿಂದ ಹೊರಟು ಬಹಳ ಹೊತ್ತಾದ ಮೇಲೂ ವಾಸನೆ ಉಳಿದಿದ್ದರೆ ಎಲ್ಲೋ ಒಂದು ಕಡೆ ಸೋರಿಕೆ ಇದೆ ಎಂದೇ ತಿಳಿಯಬೇಕು.

ಹುಡುಕುವ ಮೊದಲು ಸುರಕ್ಷತೆಯ ಮಾತು. ಪೆಟ್ರೋಲ್, ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ, ಮತ್ತು ಆ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲಮಟ್ಟದಲ್ಲಿ ಹರಡುತ್ತದೆ. ನೀವು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಾದರೆ, ನೀರಿನ ಪಂಪು, ಸ್ವಿಚ್ ಬೋರ್ಡುಗಳು ಅಲ್ಲೇ ಇರುವುದರಿಂದ, ರಿಪೇರಿ ಆಗುವವರೆಗೆ ಕಾರನ್ನು ಬಯಲಿನಲ್ಲೇ ನಿಲ್ಲಿಸಿ. ಕಾರಿನಡಿಯಲ್ಲಿ ಹನಿ ಅಥವಾ ಒದ್ದೆ ಕಂಡರೆ ಸ್ಟಾರ್ಟ್ ಮಾಡುವ ಗೋಜಿಗೇ ಹೋಗದೆ ಟೋ ಮಾಡಿಸಿ.

ನಿಮ್ಮ ಲಕ್ಷಣಗಳನ್ನು ಓದಿದರೆ ನನಗೆ ಮೊದಲ ಅನುಮಾನ ಬರುವುದು ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನ ಮೇಲ್ಭಾಗದಲ್ಲಿ ಕೂರಿಸಿರುವ ಫ್ಯೂಯೆಲ್ ಪಂಪಿನ ಮೇಲೆ. ಟ್ಯಾಂಕ್ ತುಂಬಿದಾಗ ಮಾತ್ರ ವಾಸನೆ ಬಂದು, ಕಾಲು ಭಾಗ ಖರ್ಚಾದ ಮೇಲೆ ತಾನಾಗಿ ಕಡಿಮೆಯಾಗುತ್ತದೆ ಎಂದರೆ ಸೋರುವ ಜಾಗ ಟ್ಯಾಂಕಿನ ಮೇಲ್ಭಾಗದಲ್ಲೇ ಇರಬೇಕು, ಏಕೆಂದರೆ ಪೆಟ್ರೋಲ್ ಅಲ್ಲಿಗೆ ಮುಟ್ಟುವುದು ಭರ್ತಿಯಾದಾಗ ಮಾತ್ರ. ನನ್ನ ಕಾರಿನಲ್ಲೂ ಹೀಗೆಯೇ ಆಗಿತ್ತು. ಹಿಂದಿನ ಸೀಟಿನ ಕುಶನ್ ಎತ್ತಿ, ಅದರಡಿಯ ಸಣ್ಣ ತಗಡಿನ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದಾಗ, ಪಂಪಿನ ಸುತ್ತ ವರ್ಷಗಳ ಕೆಂಪು ಧೂಳು ಒಣಗಿ ಕೂತಿತ್ತು. ಒಂದು ಬದಿಯಲ್ಲಿ ಮಾತ್ರ, ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗಿನ ಅಂಚಿಗೆ ಹೊಂದಿಕೊಂಡಂತೆ, ಆ ಧೂಳು ಕಪ್ಪಾಗಿ ಒದ್ದೆಯಾಗಿತ್ತು. ಅದರಡಿಯಿಂದ ಹೊರತೆಗೆದ ಓ-ರಿಂಗನ್ನು (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬೆರಳಿನಿಂದ ಬಾಗಿಸಿದರೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಡುತ್ತಿದ್ದವು. ಹೊಸ ಓ-ರಿಂಗ್ ಹಾಕಿದ ಮೇಲೆ ವಾಸನೆ ನಿಂತಿತು.

ಈ ಕೆಲಸವನ್ನು ಅನುಭವಸ್ಥ ಮೆಕ್ಯಾನಿಕ್‌ನಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಇರುವಾಗ ಕಾರು ಬಿಡುವುದು ಒಳ್ಳೆಯದು. ಪೈಪು ಕಳಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಓಡಿಸಿ ತಾನಾಗಿ ಆಫ್ ಆಗಲು ಬಿಟ್ಟರೆ ಲೈನಿನ ಒತ್ತಡ ಇಳಿಯುತ್ತದೆ. ಇಲ್ಲದಿದ್ದರೆ ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಮುಖಕ್ಕೇ ಚಿಮ್ಮಬಹುದು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಲಾಕ್ ರಿಂಗನ್ನು ಕಬ್ಬಿಣದ ಉಳಿ, ಸುತ್ತಿಗೆಯಿಂದ ಹೊಡೆದು ತಿರುಗಿಸುವವರನ್ನು ಕಂಡಿದ್ದೇನೆ. ತೆರೆದ ಟ್ಯಾಂಕಿನ ಬಾಯಿಯ ಹತ್ತಿರ ಒಂದು ಕಿಡಿ ಹಾರಿದರೂ ಅನಾಹುತವಾದೀತು, ಆದ್ದರಿಂದ ಅದಕ್ಕೆಂದೇ ಇರುವ ಟೂಲ್ ಬಳಸುವಂತೆ ಒತ್ತಾಯಿಸಿ. ಹಳೆಯ ಓ-ರಿಂಗಿಗೇ ಸಿಲಿಕಾನ್ ಪೇಸ್ಟ್ ಬಳಿದು ಕೂರಿಸಲು ಬಿಡಲೇಬೇಡಿ, ಸಾಮಾನ್ಯ ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ನಿಮ್ಮ ಮಾಡೆಲ್ಲಿಗೆ ಹೊಂದುವ ಹೊಸ ರಿಂಗನ್ನೇ ತರಿಸಿ. ಪಂಪಿನ ಪ್ಲಾಸ್ಟಿಕ್ ತಲೆ ಬಿರಿದಿದ್ದರೆ ಅಥವಾ ಪೈಪು ಸೇರುವ ಮೂತಿ ಸೀಳಿದ್ದರೆ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಇಡೀ ಜೋಡಣೆಯೇ ಬದಲಾಗಬೇಕು. ಎಲ್ಲ ಕಾರುಗಳಲ್ಲೂ ಸೀಟಿನಡಿ ಮುಚ್ಚಳ ಇರುವುದಿಲ್ಲ. ಇಲ್ಲದ ಕಡೆ ಟ್ಯಾಂಕನ್ನೇ ಇಳಿಸಬೇಕಾಗುತ್ತದೆ.

ಸೀಟಿನಡಿ ಎಲ್ಲ ಒಣಗಿದ್ದರೆ, ಬಂಕಿನಲ್ಲಿ ಗನ್ ‘ಟಕ್’ ಎಂದು ನಿಂತ ಮೇಲೂ ಚಿಲ್ಲರೆ ಸರಿಮಾಡಲು ಮತ್ತಷ್ಟು ಹಾಕಿಸುವ ಅಭ್ಯಾಸ ಇದೆಯೇ ಎಂದು ಯೋಚಿಸಿ. ಹಾಗೆ ತುಂಬಿಸಿದಾಗ ಆವಿ ಮಾತ್ರ ಹೋಗಬೇಕಾದ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲೇ ನುಗ್ಗಿ, ಇದ್ದಿಲು ನೆನೆದು ಕೆಡುತ್ತದೆ. ಪೆಟ್ರೋಲ್ ಹಾಕಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಿಣುಕುತ್ತಿದ್ದರೆ ಪರ್ಜ್ ವಾಲ್ವ್ ತೆರೆದೇ ನಿಂತಿರುವ ಸಾಧ್ಯತೆ ಹೆಚ್ಚು. ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್, ಹಾಗೂ ಮುಚ್ಚಳದಿಂದ ಟ್ಯಾಂಕಿಗೆ ಇಳಿಯುವ ಕೊಳವೆಯ ಕ್ಲಾಂಪುಗಳನ್ನೂ ಒಮ್ಮೆ ನೋಡಿಸಿ.

ವಾಸನೆ ಮುಂದಿನಿಂದ ಬರುತ್ತಿದೆಯೇ ಎಂದು ತಿಳಿಯಲು ಬ್ಲೋವರ್ ಸಾಕು: ಹೊರಗಿನ ಗಾಳಿ ಎಳೆಯುವಂತೆ ಇಟ್ಟಾಗ ಹೆಚ್ಚಾಗಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದಾಗ ಕಡಿಮೆಯಾದರೆ ದೋಷ ಬಾನೆಟ್ಟಿನಡಿ ಇದೆ. ಅಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳ ಓ-ರಿಂಗ್, ಸಡಿಲ ಕ್ಲಾಂಪು, ಇಲಿ ಕಡಿದ ಪೈಪು, ಇವೇ ಸಾಮಾನ್ಯ ಕಾರಣಗಳು. ನಿಮ್ಮ ಕಾರು ಈಗ ಸಿಗುತ್ತಿರುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗಿಂತ ಮೊದಲಿನದು, ಅದರ ರಬ್ಬರ್ ಎಥನಾಲನ್ನು ತಾಳದಿರಬಹುದು. ಹಾಗಾಗಿ ಮುಟ್ಟಿದರೆ ಜಿಗುಟಾಗಿರುವ ಅಥವಾ ಗಡುಸಾಗಿರುವ ರಬ್ಬರ್ ಪೈಪುಗಳಿದ್ದರೆ ಅವನ್ನೂ ಇದೇ ಸಲ ಬದಲಿಸಿಬಿಡಿ.

ರಿಪೇರಿಯಾದ ಮೇಲೆ ಕಾರ್ಪೆಟ್ಟಿನಲ್ಲಿ ಇಂಗಿರುವ ವಾಸನೆ ಹೋಗಲು ಬಾಗಿಲು ತೆರೆದಿಟ್ಟು ಒಂದೆರಡು ದಿನ ಗಾಳಿಯಾಡಿಸಿ. ಬಳಿಕ ಗನ್ ತಾನಾಗಿ ನಿಲ್ಲುವಷ್ಟು ಮಾತ್ರ ಪೆಟ್ರೋಲ್ ಹಾಕಿಸಿ, ಕಿಟಕಿಗಳನ್ನು ಮುಚ್ಚಿ ರಾತ್ರಿ ಬಯಲಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಮೊದಲು ಹಿಂದಿನ ಬಾಗಿಲನ್ನೇ ತೆಗೆದು ಮೂಸಿ ನೋಡಿ. ಆಗಲೂ ವಾಸನೆ ಇದ್ದರೆ ಕಾರನ್ನು ಅದೇ ದಿನ, ಟ್ಯಾಂಕ್ ತುಂಬಿರುವಾಗಲೇ ಮೆಕ್ಯಾನಿಕ್‌ಗೆ ತೋರಿಸಿ. ಟ್ಯಾಂಕ್ ಖಾಲಿಯಾದ ಮೇಲೆ ಒಯ್ದರೆ ಸೋರುವ ಜಾಗ ಅವರ ಕಣ್ಣಿಗೂ ಬೀಳುವುದಿಲ್ಲ.