ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಎಲ್ಲರೂ ‘ಉತ್ತಮ’ ಒತ್ತುತ್ತಾರೆ. ಫೋಕಸ್ ಗ್ರೂಪ್ ಮಾಡಿದರೆ ನಿಜ ಗೊತ್ತಾಗುತ್ತದಾ?

ಬಾಗಲಕೋಟೆ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕ) ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ. ಗೂಗಲ್ ಫಾರ್ಮ್ ಕಳಿಸಿದರೆ ಮಕ್ಕಳು ಎಲ್ಲದಕ್ಕೂ ‘ಉತ್ತಮ’ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಕ್ಯಾಂಪಸ್ ಬಗ್ಗೆ ಅವರಿಗೆ ನಿಜಕ್ಕೂ ಏನನಿಸುತ್ತದೆ ಅಂತ ತಿಳಿಯಲು ಫೋಕಸ್ ಗ್ರೂಪ್, ಅಂದರೆ ಕೆಲವರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಮಾತಾಡಿಸೋದು, ಮಾಡಬಹುದಾ ಅಂತ ಕೇಳಿದ್ದೀರಿ.

ಖಂಡಿತ ಮಾಡಿ. ನಾನು ವಿಜಯಪುರದಲ್ಲಿ ಸಮಾಜಕಾರ್ಯ ಪಾಠ ಮಾಡುತ್ತೇನೆ. ಸುತ್ತಲಿನ ಕಾಲೇಜುಗಳಿಗೂ ಇಂಥ ಗುಂಪು ನಡೆಸಿಕೊಟ್ಟಿದ್ದೇನೆ. ಪ್ರಶ್ನೆಪಟ್ಟಿ ಆಮೇಲೆ ಬರೆಯಿರಿ. ಯಾರ ಪಕ್ಕ ಯಾರು ಕೂರುತ್ತಾರೆ, ಅವರ ಎದುರು ಯಾರು ಕೂರುತ್ತಾರೆ ಅನ್ನೋದು ಮೊದಲು ತೀರ್ಮಾನ ಆಗಲಿ. ಅದು ತಪ್ಪಿದರೆ ಎಂಥ ಒಳ್ಳೆ ಪ್ರಶ್ನೆ ಕೇಳಿದರೂ “ಎಲ್ಲಾ ಚಲೋ ಐತ್ರೀ ಸರ್” ಅನ್ನೋ ಉತ್ತರವೇ ಬರುತ್ತದೆ.

ಎದುರು ನೀವು ಕೂರಬೇಡಿ. ಪ್ರಿನ್ಸಿಪಾಲರಂತೂ ಆ ಕಡೆ ಸುಳಿಯಲೂ ಬಾರದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಬೇರೆ ಕಾಲೇಜಿನ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ವಿಭಾಗದ ಒಬ್ಬರನ್ನು ಕರೆಸಿ, ಬದಲಿಗೆ ನೀವು ಅವರಲ್ಲಿಗೆ ಹೋಗಿ ನಡೆಸಿಕೊಡಿ. ಖರ್ಚೂ ಇಲ್ಲ. ಬರೆದುಕೊಳ್ಳಲು ಇನ್ನೊಬ್ಬರಿರಲಿ. ನಡೆಸುವವರೇ ಬರೆಯುತ್ತಾ ಕೂತರೆ ಮುಖ ನೋಡುವುದು ತಪ್ಪಿಹೋಗುತ್ತದೆ.

ಈ ಪದ್ಧತಿ ಹುಟ್ಟಿದ್ದು ನಿಮ್ಮಂಥದೇ ತಲೆನೋವಿನಿಂದ. 1941ರಲ್ಲಿ ಅಮೆರಿಕದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಅನ್ನೋ ಸಂಶೋಧಕರು ಜನರನ್ನು ಕೂರಿಸಿ ರೇಡಿಯೊ ಕಾರ್ಯಕ್ರಮ ಕೇಳಿಸುತ್ತಿದ್ದರು. ಇಷ್ಟವಾದರೆ ಹಸಿರು ಗುಂಡಿ, ಆಗದಿದ್ದರೆ ಕೆಂಪು ಗುಂಡಿ. ಯಾವ ಕ್ಷಣದಲ್ಲಿ ಬೇಸರವಾಯಿತು ಅಂತ ಗುಂಡಿ ಹೇಳುತ್ತಿತ್ತು. ಯಾಕೆ ಅಂತ ಹೇಳುತ್ತಿರಲಿಲ್ಲ. ಆಮೇಲೆ ಆ ಕೇಳುಗರನ್ನು ಮಾತಾಡಿಸುತ್ತಿದ್ದ ರೀತಿ ನೋಡಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್‌ಗೆ ಸಮಾಧಾನ ಆಗಲಿಲ್ಲ. ಹೇಗೆ ಕೇಳಬೇಕು ಅಂತ ಅವರು ತಿದ್ದುತ್ತಾ ಹೋದದ್ದೇ ಮುಂದೆ ಫೋಕಸ್ ಗ್ರೂಪ್ ಆಯಿತು. ನಮ್ಮ ಗೂಗಲ್ ಫಾರ್ಮ್ ಇನ್ನೂ ಗುಂಡಿಯಲ್ಲೇ ಇದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಪ್ರಶ್ನೆಪಟ್ಟಿ ನೋಡಿದ್ದೀರಲ್ಲ? 21ರಲ್ಲಿ 20 ಪ್ರಶ್ನೆ ಆಯ್ಕೆ ಒತ್ತುವಂಥವು, ಅದೂ ಹೆಚ್ಚಾಗಿ ಪಾಠದ ಬಗ್ಗೆ. ಬಸ್ಸು, ನೀರು, ಹಾಸ್ಟೆಲ್ ಊಟದ ಮಾತು ಅಲ್ಲಿ ಎಲ್ಲಿಂದ ಬರಬೇಕು?

ಈಗ ಗುಂಪಿನ ವಿಷಯ. ಒಂದು ಗುಂಪಿನಲ್ಲಿ ಆರರಿಂದ ಎಂಟು ಜನ ಸಾಕು. ಎಲ್ಲ ಥರದವರೂ ಇರಲಿ ಅಂತ ಕಲಸಿ ಕೂರಿಸಬೇಡಿ. ಹಾಸ್ಟೆಲ್‌ನವರು ಬೇರೆ, ಊರಿಂದ ಬಂದು ಹೋಗುವವರು ಬೇರೆ. ಹುಡುಗಿಯರು ಬೇರೆ, ಹುಡುಗರು ಬೇರೆ. ಮೊದಲ ವರ್ಷದವರನ್ನು ಕೊನೆ ವರ್ಷದವರ ಜೊತೆ ಕೂರಿಸಿದರೆ ಚಿಕ್ಕವರು ಬಾಯಿ ಬಿಡುವುದಿಲ್ಲ.

ಹುಡುಗ-ಹುಡುಗಿಯರ ಮಿಶ್ರ ಗುಂಪಿನಲ್ಲಿ ನನಗೆ ಕೇಳಿಸಿದ್ದು ಲೈಬ್ರರಿ, ವೈಫೈ, ಸ್ಪೋರ್ಟ್ಸ್ ಸಾಮಾನು. ಅದೇ ಕಾಲೇಜಿನ ಹುಡುಗಿಯರನ್ನಷ್ಟೇ ಕೂರಿಸಿ, ಒಬ್ಬ ಮೇಡಂ ಮಾತಾಡಿಸಿದಾಗ ಮಾತು ನೇರವಾಗಿ ಶೌಚಾಲಯಕ್ಕೆ ಬಂತು. “ಮುಂಜಾನಿಂದ ನೀರs ಕುಡಿಯೂದಿಲ್ರೀ ಮೇಡಂ, ಕುಡದ್ರ ಹೋಗಬೇಕಾಗತೈತಿ” ಅಂದಳು ಒಬ್ಬಳು. ಉಳಿದವರೆಲ್ಲ ತಲೆಯಾಡಿಸಿದರು. ನಲ್ಲಿಯಲ್ಲಿ ನೀರಿಲ್ಲ, ಚಿಲಕ ಮುರಿದಿದೆ, ಪ್ಯಾಡ್ ಹಾಕಲು ಡಬ್ಬಿ ಇಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ದಿನವಿಡೀ ನೀರು ಕುಡಿಯದೆ ಇರೋದು ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಆ ಕಾಲೇಜಿನ ಫಾರ್ಮ್‌ನಲ್ಲಿ ‘ಮೂಲ ಸೌಕರ್ಯ’ಕ್ಕೆ ಒಳ್ಳೆ ಅಂಕ ಬಿದ್ದಿತ್ತು. ಸುಳ್ಳೂ ಅಲ್ಲ ಬಿಡಿ, ಕಟ್ಟಡ ಹೊಸದೇ.

ಬಸ್ಸಿನ ಕಥೆಯೂ ಹೀಗೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚು ಉಳಿಯಿತು. ಹುಡುಗರು ಪಾಸ್ ಮಾಡಿಸಲೇಬೇಕು. ಅವರ ಸಿಟ್ಟು ಬೇರೆ, ಇವರ ಕಷ್ಟ ಬೇರೆ. ಒಟ್ಟಿಗೆ ಕೂರಿಸಿದರೆ ಅದೇ ಜಗಳವಾಗಿ ಒಂದು ಗಂಟೆ ಹೋಗುತ್ತದೆ.

ತಾವಾಗಿ ಹೆಸರು ಕೊಟ್ಟವರನ್ನು, ಸಿಆರ್‌ಗಳನ್ನು (ತರಗತಿ ಪ್ರತಿನಿಧಿಗಳನ್ನು) ಕರೆಯಬೇಡಿ. ಅವರು ಹೇಗಿದ್ದರೂ ಮಾತಾಡುತ್ತಾರೆ. ಹಾಜರಿ ಪುಸ್ತಕ ತೆಗೆದು ಇಷ್ಟಿಷ್ಟು ಹೆಸರು ಬಿಟ್ಟು ಒಂದು ಅಂತ ಆರಿಸಿ. ಒಂದೊಂದು ಥರಕ್ಕೆ ಎರಡು ಮೂರು ಗುಂಪು ಮಾಡಿ. ಹೊಸ ಮಾತು ಬರುವುದು ನಿಂತರೆ ಸಾಕು ಅಂತ ತಿಳಿಯಿರಿ.

ನಡೆಸುವಾಗ “ಕ್ಯಾಂಪಸ್ ಹೇಗಿದೆ?” ಅಂತ ಶುರು ಮಾಡಬೇಡಿ. “ನಿನ್ನೆ ಮನೆ ಬಿಟ್ಟಾಗಿನಿಂದ ವಾಪಸ್ ಮುಟ್ಟೋವರೆಗೆ ಏನೇನಾಯಿತು ಹೇಳಿ” ಅನ್ನಿ. ಉಳಿದ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ. ಮಾತಿಗೆ ಮೊದಲು ಎಲ್ಲರೂ ಚೀಟಿಯಲ್ಲಿ ಎರಡು ಸಾಲು ಬರೆಯಲಿ. ಆಗ ಮೊದಲು ಮಾತಾಡಿದವನ ಹಿಂದೆ ಎಲ್ಲರೂ ಹೋಗುವುದಿಲ್ಲ. ಜಾಸ್ತಿ ಮಾತಾಡುವವರನ್ನು ನಡೆಸುವವರ ಪಕ್ಕಕ್ಕೆ, ಸುಮ್ಮನಿರುವವರನ್ನು ಎದುರಿಗೆ ಕೂರಿಸಿ. ಕಣ್ಣು ಕೂಡಿದರೆ ಅರ್ಧ ಕೆಲಸ ಆದಂತೆ. ಯಾರೂ ಮಾತಾಡದಿದ್ದರೆ ನೀವೂ ಸ್ವಲ್ಪ ಸುಮ್ನೆ ಇರಿ. ನಾವು ಮೇಷ್ಟ್ರುಗಳಿಗೆ ಇದೇ ಎಲ್ಲಕ್ಕಿಂತ ಕಷ್ಟ! ಲಂಬಾಣಿ, ಉರ್ದು, ಮರಾಠಿ ಮಾತು ನಡುವೆ ಬಂದರೆ ತಡೆಯಬೇಡಿ. ಮಿರ್ಚಿ, ಚಹಾ ಮೊದಲೇ ಕೊಟ್ಟುಬಿಡಿ, ಇಲ್ಲದಿದ್ದರೆ ರೆಕಾರ್ಡಿಂಗ್‌ನಲ್ಲಿ ಪ್ಲೇಟಿನ ಸದ್ದೇ ತುಂಬುತ್ತದೆ. ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಿ. ಗುಂಪಿನಲ್ಲಿ ಕೂತ ಬೇರೆಯವರ ಬಾಯಿಗೆ ನೀವು ಬೀಗ ಹಾಕಲಾರಿರಿ, ಅದನ್ನೂ ಮೊದಲೇ ಹೇಳಿಬಿಡಿ.

ಮತ್ತೆ, ಆ ಜಿಯೋಟ್ಯಾಗ್ ಫೋಟೊ (ತೆಗೆದ ಜಾಗ ನಮೂದಾಗಿರುವ ಫೋಟೊ) ಚಟ! ಫೈಲಿಗೆ ಬೇಕು ಅಂತ ಮಕ್ಕಳ ಮುಖ ಹಿಡಿದು, ಸಹಿ ಹಾಕಿಸಿಕೊಂಡು, ಆಮೇಲೆ “ನಿಮ್ಮ ಹೆಸರು ಎಲ್ಲೂ ಬರಲ್ಲ” ಅಂದರೆ ಯಾರು ನಂಬುತ್ತಾರೆ? ಫೋಟೊ ಬೇಕೇ ಬೇಕು ಅಂದರೆ ಅವರು ಬರುವ ಮೊದಲು ಖಾಲಿ ಕೋಣೆಯದು ತೆಗೆಯಿರಿ. ವರದಿಯಲ್ಲಿ ಹೆಸರಿನ ಬದಲು ನಂಬರ್ ಸಾಕು.

ವರದಿಯಲ್ಲಿ ಶೇಕಡಾ ಲೆಕ್ಕ ಬೇಡ. ಎಂಟು ಜನರಲ್ಲಿ ಆರು ಜನ ಹೇಳಿದ್ದು ಇಡೀ ಕಾಲೇಜಿನ 75 ಶೇಕಡಾ ಆಗುವುದಿಲ್ಲ. ಎಷ್ಟು ಜನರಿಗೆ ಈ ತೊಂದರೆ ಅಂತ ತಿಳಿಯಬೇಕಾದರೆ ಮತ್ತೆ ಫಾರ್ಮ್ ಕಳಿಸಿ. ಆದರೆ ಈ ಸಲ ಅವರದೇ ಮಾತಿನಲ್ಲಿ ಕೇಳಿ: “ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯದೆ ಇರುತ್ತೀರಾ?” ‘ಉತ್ತಮ’ ಅಂತ ಒತ್ತಲು ಅಲ್ಲಿ ಜಾಗವೇ ಇರುವುದಿಲ್ಲ.

ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಆದ ಮೇಲೆ ದಿನ ಇಟ್ಟುಕೊಳ್ಳಿ, ಬೆಳಗಿನ ಹೊತ್ತು ಒಳ್ಳೆಯದು. ಸಂಜೆ ಇಟ್ಟರೆ ಊರಿನ ಬಸ್ ತಪ್ಪೀತು ಅಂತ ಅರ್ಧ ಜನ ಬಾಗಿಲ ಕಡೆಯೇ ನೋಡುತ್ತಿರುತ್ತಾರೆ.