ವಿನೆಗರ್ ಹುಡುಗಿಗೆ ಪಾರಂಪರಿಕ ಪಟ್ಟವೇ?

ಪತ್ರ: ಕಳೆದ ಸಂಚಿಕೆಯಲ್ಲಿ ಮೆಲ್ಬರ್ನ್ ನಗರ ಕಾಪಾಡಿಕೊಂಡಿರುವ ನಿಯಾನ್ ದೀಪದ ಜಾಹೀರಾತು ಬೋರ್ಡಿನ ಬಗ್ಗೆ ಬರೆದಿದ್ದೀರಿ. ಮಡಿಕೇರಿಯ ಅರಮನೆ, ಗದ್ದಿಗೆಗಳಿರುವಾಗ ಯಾವುದೋ ಕಂಪನಿಯ ಪ್ರಚಾರಕ್ಕೆ ಪರಂಪರೆ ಎಂಬ ದೊಡ್ಡ ಹೆಸರೇಕೆ?
– ಓದುಗರೊಬ್ಬರು, ಸೋಮವಾರಪೇಟೆ

ಸಂಪಾದಕರ ಉತ್ತರ: ಅರಮನೆ, ಗದ್ದಿಗೆ ಮೊದಲು ಎನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಆ ಬೋರ್ಡು ಉಳಿದದ್ದು ಕಂಪನಿಯ ಹಿತಕ್ಕಾಗಿ ಎಂಬುದನ್ನು ಒಪ್ಪಲಾರೆ.

ಮೆಲ್ಬರ್ನಿನ ಅಬಟ್ಸ್‌ಫರ್ಡ್‌ನ ವಿನೆಗರ್ ಕಾರ್ಖಾನೆಯ ಮೇಲೆ ಹಗ್ಗದಾಟ (ಸ್ಕಿಪ್ಪಿಂಗ್) ಆಡುವ ನಿಯಾನ್ ಹುಡುಗಿ ಬಂದದ್ದು 1936ರಲ್ಲಿ. ಹಗ್ಗದ ಒಂದೊಂದೇ ಭಂಗಿ ಸರದಿಯಂತೆ ಬೆಳಗುವುದರಿಂದ ಅವಳು ನಿಜವಾಗಿ ಕುಣಿದಂತೆ ಕಾಣುತ್ತದೆ. 1968ರಲ್ಲಿ ಕಾರ್ಖಾನೆಯ ಜೊತೆಗೆ ಬೋರ್ಡೂ ಹೋಯಿತು. ಜನ ಸುಮ್ಮನಿರಲಿಲ್ಲ. 1970ರಲ್ಲಿ ಅದೇ ವಿಕ್ಟೋರಿಯಾ ಬೀದಿಯ ಬೇರೊಂದು ಕಟ್ಟಡದ ಮೇಲೆ ಹೊಸ ಹುಡುಗಿ ಬಂದಳು. ಈಗಿರುವುದು ಅವಳೇ. ಮುಂದೆ ಅವಳ ದೀಪ ಆರಿದಾಗಲೂ ದೇಣಿಗೆ ಎತ್ತಿ ದುರಸ್ತಿ ಮಾಡಿಸಿ 2009ರಲ್ಲಿ ಮತ್ತೆ ಬೆಳಗಿಸಿದರು. ವಿನೆಗರ್ ಮಾರಾಟವಾಗಲಿ ಎಂದು ಯಾರಾದರೂ ದೇಣಿಗೆ ಕೊಡುತ್ತಾರೆಯೇ? ತಮ್ಮ ಬೀದಿಯ ಗುರುತು ಉಳಿಯಲಿ ಎಂದು ಕೊಟ್ಟರು.

ನ್ಯೂಯಾರ್ಕಿನಲ್ಲೂ ಹೀಗೆಯೇ. ಪೆಪ್ಸಿ-ಕೋಲಾದ ಕೆಂಪು ಅಕ್ಷರಗಳಿಗೆ 2016ರಲ್ಲಿ ನಗರದ ಸ್ಮಾರಕವೆಂಬ ಮಾನ್ಯತೆ ಸಿಕ್ಕಿತು. ಬಾಟ್ಲಿಂಗ್ ಕಾರ್ಖಾನೆ ಈಗಿಲ್ಲ, ಅಕ್ಷರಗಳು ನದಿದಡದ ಉದ್ಯಾನದಲ್ಲಿವೆ.

ಇನ್ನು ನಿಯಾನ್ ದೀಪ ಮಾಡುವ ಕೆಲಸದ ಕುಶಲತೆ. ಗಾಜಿನ ಕೊಳವೆಯನ್ನು ಬೆಂಕಿಗೆ ಹಿಡಿದು, ಚಪ್ಪಟೆಯಾಗದಂತೆ ಸಣ್ಣ ನಳಿಗೆಯಿಂದ ಊದುತ್ತಾ, ಕೈಯಲ್ಲೇ ಬಗ್ಗಿಸಬೇಕು. ಆಮೇಲೆ ಒಳಗಿನ ಗಾಳಿ ತೆಗೆದು ಅನಿಲ ತುಂಬುತ್ತಾರೆ. ನಿಯಾನ್ ಕೊಡುವುದು ಕಿತ್ತಳೆಗೆಂಪು ಮಾತ್ರ; ನೀಲಿ ಬೇಕಾದರೆ ಆರ್ಗಾನ್, ಪಾದರಸ. ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸ್‌ನಲ್ಲಿ ಈ ದೀಪ ತೋರಿಸಿದ ಮೇಲೆ ಬೆಳೆದ ಕಸುಬಿದು. ಎಲ್‌ಇಡಿ ಬಂದು ಅದು ಕ್ಷೀಣಿಸುತ್ತಿದೆ. ಬಾಸ್ಟನ್ನಿನಲ್ಲಿ ಸಿಟ್ಗೋ ಎಂಬ ಪೆಟ್ರೋಲ್ ಕಂಪನಿಯ ನಿಯಾನ್ ಫಲಕವನ್ನು ಬಿಚ್ಚಲು ಹೊರಟಾಗ ಜನ ಪ್ರತಿಭಟಿಸಿ ಉಳಿಸಿಕೊಂಡರು. ಆದರೆ ಇಂದು ಅಲ್ಲಿ ಉರಿಯುತ್ತಿರುವುದು ಎಲ್‌ಇಡಿ. ಆಕಾರ ಉಳಿಯಿತು, ಕಸುಬು ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅರ್ಧ ಗೆಲುವು.

ನಮ್ಮಲ್ಲಿ ನಿಯಾನ್‌ಗಿಂತ ಹೆಚ್ಚಾಗಿ ಇದ್ದದ್ದು ಕೈಬರಹದ ಬೋರ್ಡುಗಳು. ಕಿತ್ತಳೆ, ಜೇನು, ಏಲಕ್ಕಿ, ಕಾಫಿ ವ್ಯಾಪಾರದ ಚರಿತ್ರೆ ಅವುಗಳ ಮೇಲೂ ಇದೆ. ಮಳೆ ತಿಂದು ಉಳಿದದ್ದನ್ನು ಫ್ಲೆಕ್ಸ್ ಮುಚ್ಚುತ್ತಿದೆ. ಅರಮನೆಯನ್ನು ನೋಡಿಕೊಳ್ಳಲು ಇಲಾಖೆಯಿದೆ, ಈ ಬೋರ್ಡುಗಳಿಗೆ ಯಾರಿದ್ದಾರೆ?

ನಿಮ್ಮ ಪೇಟೆಯಲ್ಲಿ ಅಂಥದ್ದೊಂದು ಉಳಿದಿದ್ದರೆ, ಅಂಗಡಿಯವರ ಒಪ್ಪಿಗೆ ಪಡೆದು ಫೋಟೊ ತೆಗೆದು ಕಳಿಸಿ. ಬರೆದ ಪೇಂಟರ್ ಯಾರೆಂದು ಹಿರಿಯರನ್ನು ಕೇಳಿ ತಿಳಿಸಿದರೆ ಅವರ ಹೆಸರಿನೊಂದಿಗೇ ಅಚ್ಚು ಹಾಕುತ್ತೇವೆ.