ಸಿಂಗಾಪುರದ 96 ಗಂಟೆ ಅಂದ್ರೆ ನಾಲ್ಕು ತಾರೀಖಲ್ಲ

ಬೇರೆ ದೇಶಕ್ಕೆ ಹೋಗೋ ದಾರೀಲಿ ಸಿಂಗಾಪುರದ ವೀಸಾ ಇಲ್ಲದೇನೇ ಅಲ್ಲಿ 96 ಗಂಟೆವರೆಗೆ ಇರೋಕೆ ಬಿಡೋ ಸೌಲಭ್ಯದ ಲೆಕ್ಕ ಇದು. ನೀವು ಹೇಳಿದ ಪ್ಲಾನ್ ಪ್ರಕಾರ 10ನೇ ತಾರೀಖು ಬೆಳಿಗ್ಗೆ 6ಕ್ಕೆ ಸಿಂಗಾಪುರದಲ್ಲಿ ಇಳೀತೀರಾ, 14ಕ್ಕೆ ಬೆಳಿಗ್ಗೆ 11ಕ್ಕೆ ಸಿಡ್ನಿ ಫ್ಲೈಟು, "ನಾಲ್ಕೇ ದಿನ ಅಲ್ವಾ" ಅಂತ ಕೇಳಿದೀರಾ. ಅಲ್ಲ ಸರ್, ಗಂಟೆ ಎಣಿಸಿ, 101 ಆಗುತ್ತೆ. 14ರ ಬೆಳಿಗ್ಗೆ 6ಕ್ಕೇ ನಿಮ್ಮ 96 ಮುಗೀತು, ಹಾಗಾಗಿ 13ರ ರಾತ್ರಿ ಫ್ಲೈಟಿಗೆ ಬದಲಾಯಿಸ್ಕೊಳ್ಳಿ, ಅಂಚಿಗೆ ತಗೊಂಡೋಗಿ ಎದೆ ಡವಡವ ಅನ್ನಿಸ್ಕೊಳ್ಳೋದ್ಯಾಕೆ.

ಮರುದಿನ ಮಧ್ಯರಾತ್ರಿಯಿಂದ ಎಣಿಸ್ತಾರೆ ಅಂತ ನೀವು ಓದಿದ್ದು ಚೀನಾದ ಇಂಥದ್ದೇ 240 ಗಂಟೆ ವೀಸಾ ಇಲ್ಲದ ಟ್ರಾನ್ಸಿಟ್ ಸ್ಕೀಮಿಂದು, ಅದರ ಪಟ್ಟಿಯಲ್ಲಿ ನಮ್ಮ ಪಾಸ್‌ಪೋರ್ಟೇ ಇಲ್ಲ ಬಿಡಿ.

ಆಸ್ಟ್ರೇಲಿಯಾ ವೀಸಾ ಇರೋದ್ರಿಂದ ನಿಮಗೆ ಈ ಸೌಲಭ್ಯ ಸಿಗಬಹುದು, ಆದ್ರೆ ಆ ವೀಸಾ ಪಾಸ್‌ಪೋರ್ಟಲ್ಲಿ ಅಂಟಿಸಿರಲ್ಲ ನೋಡಿ, ವೀಸಾ ಸಿಕ್ಕಿದೆ ಅಂತ ಕೊಟ್ಟಿರೋ ಗ್ರಾಂಟ್ ಲೆಟರ್ ಪ್ರಿಂಟ್ ತಗೊಂಡು ಹೋಗಿ, ಬೆಂಗಳೂರು ಚೆಕ್-ಇನ್ ಕೌಂಟರಲ್ಲೇ ಕೇಳ್ತಾರೆ. ಇಳಿಯೋ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನೋ ಸಿಂಗಾಪುರದ ಆಗಮನ ಫಾರ್ಮನ್ನ ಆನ್‌ಲೈನಲ್ಲಿ ತುಂಬಿ, ಅದಕ್ಕೆ ದುಡ್ಡಿಲ್ಲ, ಯಾರಾದ್ರೂ ಫೀಸು ಕೇಳಿದ್ರೆ ಅದು ಸರ್ಕಾರಿ ಸೈಟಲ್ಲ. ಒಳಗೆ ಬಿಡೋದು ಬಿಡದೇ ಇರೋದು ಮಾತ್ರ ಕೊನೆಗೆ ಅಲ್ಲಿನ ಇಮಿಗ್ರೇಶನ್ ಆಫೀಸರ್ ಕೈಲಿದೆ. 14ರ ಬೆಳಿಗ್ಗೆ 11ರ ಫ್ಲೈಟೇ ಬೇಕು ಅಂದ್ರೆ ಸಿಂಗಾಪುರದ ವೀಸಾನೇ ಮಾಡಿಸ್ಕೊಂಡುಬಿಡಿ.